ಯುದ್ಧ ಕಂಡ ಮಕ್ಕಳಿಗೆ ನಾಟಕದ ಆಸರೆ: ಲಂಡನ್‌ನಲ್ಲಿ ಡ್ರಾಮಾ ಥೆರಪಿ ಹೇಗೆ ನಡೆಯುತ್ತದೆ?

ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಲಂಡನ್‌ನಲ್ಲಿ ಪಟಾಕಿ ಸದ್ದು ನಿಲ್ಲುವುದು ಅಪರೂಪ. ನಮ್ಮ ದೀಪಾವಳಿ ಒಂದು ಕಡೆ, ನವೆಂಬರ್ 5ರ ಗೈ ಫಾಕ್ಸ್ ರಾತ್ರಿ ಇನ್ನೊಂದು ಕಡೆ. ಸಾಮಾನ್ಯ ದಿನಗಳಲ್ಲಿ ರಾತ್ರಿ 11ರ ಮೇಲೆ ಪಟಾಕಿ ಹೊಡೆಯಲು ಇಲ್ಲಿನ ಕಾನೂನು ಬಿಡುವುದಿಲ್ಲ. ಗೈ ಫಾಕ್ಸ್ ದಿನ ಮಧ್ಯರಾತ್ರಿವರೆಗೆ, ದೀಪಾವಳಿಯ ದಿನ ರಾತ್ರಿ 1 ಗಂಟೆವರೆಗೆ ಅನುಮತಿ ಇದೆ. ಹ್ಯಾರೋ, ಹೌನ್ಸ್ಲೋ, ಕ್ರೊಯ್ಡನ್ ಕಡೆಯ ನಮ್ಮ ಮಕ್ಕಳಿಗೆ ಅದು ಸಂಭ್ರಮದ ಕಾಲ. ಆದರೆ ಅವರ ತರಗತಿಯಲ್ಲೇ ಖಾರ್ಕಿವ್‌ನಿಂದ, ಅಲೆಪ್ಪೊದಿಂದ, ಕಾಬೂಲ್‌ನಿಂದ, ಖಾರ್ಟೂಮ್‌ನಿಂದ ಬಂದ ಮಕ್ಕಳೂ ಇರಬಹುದು. ಆ ಸದ್ದು ಕೇಳಿದೊಡನೆ ಒಂದು ಮಗು ಮೇಜಿನ ಕೆಳಗೆ ಸೇರಿಕೊಳ್ಳುತ್ತದೆ. ಇನ್ನೊಂದು ಏನೂ ಆಗದಂತೆ ಕೂತಿರುತ್ತದೆ, ಆದರೆ ಅಂದು ರಾತ್ರಿ ನಿದ್ದೆ ಮಾಡುವುದಿಲ್ಲ, ಮರುದಿನ ಊಟ ಮುಟ್ಟುವುದಿಲ್ಲ.

ಇಂಥ ಮಕ್ಕಳಿಗೆ, ಹದಿಹರೆಯದವರಿಗೆ ಲಂಡನ್‌ನಲ್ಲಿ ಸಿಗುವ ನೆರವುಗಳಲ್ಲಿ ಡ್ರಾಮಾ ಥೆರಪಿಯೂ ಒಂದು. ಕಥೆ, ಆಟ, ಪಾತ್ರ, ಗೊಂಬೆ, ಮುಖವಾಡ, ದೇಹದ ಚಲನೆ ಇವನ್ನೆಲ್ಲ ಬಳಸಿ ಕೊಡುವ ಮಾನಸಿಕ ಚಿಕಿತ್ಸೆ ಇದು. ನೀವು ಇಲ್ಲಿನ ಶಾಲೆಯಲ್ಲಿ ಕೆಲಸ ಮಾಡುವವರಾಗಿರಬಹುದು, ಆಸ್ಪತ್ರೆಯಲ್ಲಿ ದುಡಿಯುವವರಾಗಿರಬಹುದು. 2022ರ ಮಾರ್ಚ್‌ನಲ್ಲಿ ಶುರುವಾದ ‘ಹೋಮ್ಸ್ ಫಾರ್ ಯುಕ್ರೇನ್’ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ಮನೆಯ ಕೋಣೆ ಕೊಟ್ಟವರಾಗಿರಬಹುದು. ಅಥವಾ ಪಕ್ಕದ ಮನೆಯವರಷ್ಟೇ ಆಗಿರಬಹುದು. ಯಾರಾದರೂ ಸರಿ, ಈ ಚಿಕಿತ್ಸೆ ಏನು, ಎಲ್ಲಿ ಸಿಗುತ್ತದೆ ಎಂಬುದು ತಿಳಿದಿದ್ದರೆ ಒಂದು ಮಗುವನ್ನು ಸರಿಯಾದ ಬಾಗಿಲಿಗೆ ತಲುಪಿಸಬಹುದು.

ಯುದ್ಧವನ್ನೇ ಮತ್ತೆ ಆಡಿಸುತ್ತಾರೆಯೇ?

ಎಲ್ಲರಿಗೂ ಮೊದಲು ಬರುವ ಅನುಮಾನ ಇದು. ಬಾಂಬು ಬಿದ್ದದ್ದನ್ನು, ಅಪ್ಪನನ್ನು ಕಳೆದುಕೊಂಡದ್ದನ್ನು ಮಗುವಿನ ಕೈಯಲ್ಲಿ ಮತ್ತೆ ಅಭಿನಯ ಮಾಡಿಸುತ್ತಾರೆಯೇ? ಇಲ್ಲ. ಹಾಗೆ ಮಾಡಿಸುವವರು ಯಾರಾದರೂ ಕಂಡರೆ ಮಗುವನ್ನು ಅಲ್ಲಿಂದ ಕರೆದುಕೊಂಡು ಬನ್ನಿ.

ಡ್ರಾಮಾ ಥೆರಪಿ ನಿಂತಿರುವುದು ದೂರದ ಮೇಲೆ. ತನಗೆ ಆದದ್ದನ್ನು ‘ನನಗೆ ಹೀಗಾಯಿತು’ ಎಂದು ಹೇಳಲಾಗದ ಮಗು, ‘ಒಂದು ನರಿ ಇತ್ತು, ಅದರ ಕಾಲಿಗೆ ಗಾಯವಾಗಿತ್ತು’ ಎಂದು ಹೇಳಬಲ್ಲದು. ನರಿಗೆ ಭಯವಾಗಬಹುದು, ಸಿಟ್ಟು ಬರಬಹುದು, ನರಿ ಅಳಬಹುದು. ಮಗು ಸುರಕ್ಷಿತವಾಗಿ ಆಚೆ ನಿಂತು ಅದನ್ನು ನೋಡುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಈ ಶಾಸ್ತ್ರ ಕಲಿಸಿದ ರಾಬರ್ಟ್ ಲ್ಯಾಂಡಿ ಈ ಅಳತೆಯನ್ನು ‘ಡಿಸ್ಟೆನ್ಸಿಂಗ್’, ಅಂದರೆ ದೂರ ಕಾಯ್ದುಕೊಳ್ಳುವುದು, ಎಂದು ಕರೆದರು. ದೂರ ತೀರಾ ಕಡಿಮೆಯಾದರೆ ನೆನಪು ಮಗುವನ್ನು ಮುಳುಗಿಸಿಬಿಡುತ್ತದೆ. ತೀರಾ ಹೆಚ್ಚಾದರೆ ಏನೂ ತಟ್ಟುವುದಿಲ್ಲ. ಅಳುವೂ ಬರಬೇಕು, ಅಳುತ್ತಿರುವಾಗ ಯೋಚನೆಯೂ ನಡೆಯುತ್ತಿರಬೇಕು. ಆ ನಡುವಿನ ಜಾಗ ಹುಡುಕುವುದೇ ಚಿಕಿತ್ಸಕರ ಕಸುಬು.

ಮಾತಿನಿಂದಲೇ ಯಾಕೆ ಮಾಡಬಾರದು ಎಂದು ಕೇಳಬಹುದು. ಮಾತು ಬೇಡವೆಂದಲ್ಲ. ಆದರೆ ವಿಪರೀತ ಭಯದ ನೆನಪು ಎಷ್ಟೋ ಸಲ ವಾಕ್ಯವಾಗಿ ಉಳಿದಿರುವುದಿಲ್ಲ. ಸದ್ದಾಗಿ, ವಾಸನೆಯಾಗಿ, ಹೊಟ್ಟೆನೋವಾಗಿ, ಬಿಗಿದ ಭುಜವಾಗಿ ಉಳಿದಿರುತ್ತದೆ. ಮೇಲಾಗಿ ಮಗುವಿಗೆ ಇಂಗ್ಲಿಷ್ ಇನ್ನೂ ಬಂದಿರುವುದಿಲ್ಲ. ದೇಹದಿಂದ ಶುರುಮಾಡಿದರೆ ಭಾಷೆಗಾಗಿ ಕಾಯಬೇಕಾಗಿಲ್ಲ.

ಇದಕ್ಕಿಂತ ಆಳವಾದ ಕಾರಣ ಒಂದಿದೆ. ಲಂಡನ್‌ನ ಸಂದರ್ಭದಲ್ಲಿ ಅದನ್ನು ಬಿಡಿಸಿ ಹೇಳಲೇಬೇಕು. ಒಬ್ಬನೇ ಈ ದೇಶಕ್ಕೆ ಬಂದು ಆಶ್ರಯ ಕೋರಿದ 15ರ ಹುಡುಗನನ್ನು ನೆನೆಯಿರಿ. ಅವನು ತನ್ನ ಕಥೆಯನ್ನು ಗಡಿಯ ಅಧಿಕಾರಿಗೆ ಹೇಳಿರುತ್ತಾನೆ, ಸಮಾಜ ಕಾರ್ಯಕರ್ತರಿಗೆ ಹೇಳಿರುತ್ತಾನೆ, ವಕೀಲರಿಗೆ ಹೇಳಿರುತ್ತಾನೆ. ವಯಸ್ಸಿನ ಬಗ್ಗೆ ಅನುಮಾನ ಬಂದರೆ ಅದಕ್ಕೊಂದು ಬೇರೆಯೇ ವಿಚಾರಣೆ. ಕೊನೆಗೆ ಹೋಮ್ ಆಫೀಸ್‌ನ, ಅಂದರೆ ಇಲ್ಲಿನ ಗೃಹ ಇಲಾಖೆಯ, ಸಂದರ್ಶನ. ಪ್ರತಿ ಸಲವೂ ತಾರೀಕು ಹೊಂದಬೇಕು, ಊರಿನ ಹೆಸರು ಹೊಂದಬೇಕು. ಒಂದು ಕಡೆ ತಪ್ಪಿದರೂ ‘ನೀನು ಸುಳ್ಳು ಹೇಳುತ್ತಿದ್ದೀಯ’ ಎಂಬ ಮಾತು ಬರಬಹುದು. ಅಂಥ ಹುಡುಗನಿಗೆ ‘ನಿನ್ನ ಕಥೆ ಹೇಳು’ ಎಂಬುದೇ ಬೆದರಿಕೆಯ ಮಾತು. ಥೆರಪಿಯ ಕೋಣೆಯಲ್ಲಿ ಅವನ ನರಿಯ ಕಥೆಯನ್ನು ಯಾರೂ ಪರೀಕ್ಷಿಸುವುದಿಲ್ಲ. ನಿನ್ನೆ ಕಪ್ಪಗಿದ್ದ ನರಿ ಇವತ್ತು ಕೆಂಪಾದರೂ ಅಡ್ಡಿಯಿಲ್ಲ. ಕಥೆ ಅವನದು, ಕೊನೆಯೂ ಅವನದು. ಕೈತಪ್ಪಿಹೋಗಿದ್ದ ಅಧಿಕಾರ ಅಲ್ಲಿ ಅವನಿಗೆ ಮರಳಿ ಸಿಗುತ್ತದೆ. ನಾಟಕ ಕೊಡುವ ದೊಡ್ಡ ಉಪಕಾರ ಇದೇ ಎಂದು ನನ್ನ ನಂಬಿಕೆ.

ಲಂಡನ್‌ಗೆ ಇದು ಹೊಸತಲ್ಲ

ಈ ನಗರ ತಾನೇ ಬಾಂಬುಗಳ ಕೆಳಗೆ ಬದುಕಿತ್ತು. 1939ರ ಸೆಪ್ಟೆಂಬರ್ ಮೊದಲ ಮೂರು ದಿನಗಳಲ್ಲಿ ಬ್ರಿಟನ್ನಿನ ನಗರಗಳಿಂದ ಸುಮಾರು 15 ಲಕ್ಷ ಜನರನ್ನು ಹಳ್ಳಿಗಳಿಗೆ ಸಾಗಿಸಿದರು, ಅವರಲ್ಲಿ ಹೆಚ್ಚಿನವರು ಮಕ್ಕಳು. 1940ರ ಸೆಪ್ಟೆಂಬರ್ 7ರಿಂದ ಜರ್ಮನ್ ವಿಮಾನಗಳು ಲಂಡನ್ ಮೇಲೆ ಸತತ 57 ರಾತ್ರಿ ಬಾಂಬು ಸುರಿದವು. 1941ರಲ್ಲಿ ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಹ್ಯಾಂಪ್‌ಸ್ಟೆಡ್‌ನಲ್ಲಿ ಯುದ್ಧಕಾಲದ ಶಿಶುಮನೆಗಳನ್ನು ತೆರೆದರು. ಆನಾ ಫ್ರಾಯ್ಡ್ ತಾವೇ ಮೂರು ವರ್ಷ ಹಿಂದೆ ನಾಜಿಗಳ ಕೈಯಿಂದ ತಪ್ಪಿಸಿಕೊಂಡು ವಿಯೆನ್ನಾದಿಂದ ಬಂದವರು. ಮಕ್ಕಳನ್ನು ದಿನದಿನವೂ ಗಮನಿಸಿ ಅವರು ಒಂದು ವಿಷಯ ಕಂಡುಕೊಂಡರು. ಅಮ್ಮನ ಮಡಿಲಲ್ಲಿದ್ದ ಮಗು ಬಾಂಬಿನ ಸದ್ದನ್ನೂ ಹೇಗೋ ತಾಳಿಕೊಳ್ಳುತ್ತಿತ್ತು. ಅಮ್ಮನಿಂದ ಅಗಲಿದ ಮಗು ಸುರಕ್ಷಿತ ಹಳ್ಳಿಯಲ್ಲಿದ್ದೂ ಕುಗ್ಗಿಹೋಗುತ್ತಿತ್ತು. ಈ ಮಾತು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ವಾರಕ್ಕೊಂದು ಗಂಟೆಯ ಥೆರಪಿ ಎಷ್ಟೇ ಒಳ್ಳೆಯದಾಗಿರಲಿ, ಉಳಿದ ಗಂಟೆಗಳಲ್ಲಿ ಮಗುವಿನ ಹತ್ತಿರ ನಂಬುವಂಥ ದೊಡ್ಡವರೊಬ್ಬರು ಇರಲೇಬೇಕು.

ಅದೇ ಲಂಡನ್‌ನಲ್ಲಿ ಮಾರ್ಗರೆಟ್ ಲೋವೆನ್‌ಫೆಲ್ಡ್ ಎಂಬ ವೈದ್ಯೆ ಇದ್ದರು. ಮೊದಲ ಮಹಾಯುದ್ಧ ಮುಗಿದಮೇಲೆ ಪೋಲೆಂಡ್‌ನಲ್ಲಿ ಯುದ್ಧಸಂತ್ರಸ್ತರ ನಡುವೆ ಕೆಲಸ ಮಾಡಿ ಬಂದವರು. 1928ರಲ್ಲಿ ನಾರ್ತ್ ಕೆನ್ಸಿಂಗ್‌ಟನ್‌ನಲ್ಲಿ ಮಕ್ಕಳ ಕ್ಲಿನಿಕ್ ತೆರೆದರು. ಮರಳು ತುಂಬಿದ ತಟ್ಟೆ, ಪುಟ್ಟ ಮನೆ, ಮರ, ಮನುಷ್ಯ, ಪ್ರಾಣಿಗಳ ಗೊಂಬೆ ಕೊಟ್ಟು, ಮಕ್ಕಳು ಕಟ್ಟಿದ ಲೋಕವನ್ನು ಅವರ ಮಾತೆಂದೇ ಓದಿದರು. ಇವತ್ತಿನ ಡ್ರಾಮಾ ಥೆರಪಿಸ್ಟರ ಕೋಣೆಯಲ್ಲೂ ಅಂಥ ಗೊಂಬೆಗಳ ಪೆಟ್ಟಿಗೆ ಇರುತ್ತದೆ.

‘ಡ್ರಾಮಾ ಥೆರಪಿ’ ಎಂಬ ಹೆಸರನ್ನು ಬಳಕೆಗೆ ತಂದವರಲ್ಲಿ ಇಂಗ್ಲೆಂಡಿನ ಪೀಟರ್ ಸ್ಲೇಡ್ ಮೊದಲಿಗರು. 1960ರ ದಶಕದಲ್ಲಿ ಸ್ಯೂ ಜೆನ್ನಿಂಗ್ಸ್ ಇದನ್ನು ಆಸ್ಪತ್ರೆ ಮತ್ತು ವಿಶೇಷ ಶಾಲೆಗಳಿಗೆ ಒಯ್ದರು. 1964ರಲ್ಲಿ ಬಿಲ್ಲಿ ಲಿಂಡ್‌ಕ್ವಿಸ್ಟ್ ‘ಸೆಸಮಿ’ ಎಂಬ ಪದ್ಧತಿ ಶುರುಮಾಡಿದರು. ಅದರಲ್ಲಿ ಚಲನೆ ಮತ್ತು ಪುರಾಣಕಥೆಗಳಿಗೆ ಹೆಚ್ಚು ಜಾಗ.

ಒಂದು ಗಂಟೆಯಲ್ಲಿ ಏನೇನು ನಡೆಯುತ್ತದೆ?

ಸಾಮಾನ್ಯವಾಗಿ ವಾರಕ್ಕೊಂದು ಸಲ, ಅದೇ ದಿನ, ಅದೇ ಹೊತ್ತು, ಅದೇ ಕೋಣೆ. ಒಬ್ಬರಿಗಾದರೆ 45ರಿಂದ 60 ನಿಮಿಷ, ಗುಂಪಾದರೆ ಇನ್ನೂ ಸ್ವಲ್ಪ ಹೆಚ್ಚು. ನಾಳೆ ಎಲ್ಲಿರುತ್ತೇನೋ ಎಂಬ ಅನಿಶ್ಚಯದಲ್ಲಿ ಬದುಕಿದ ಮಗುವಿಗೆ ‘ಅದೇ’ ಎಂಬುದೇ ಅರ್ಧ ಚಿಕಿತ್ಸೆ. ಕೋಣೆ ಬದಲಾಗುವುದಿದ್ದರೆ ಒಳ್ಳೆಯ ಚಿಕಿತ್ಸಕರು ಮುಂಚೆಯೇ ಹೇಳುತ್ತಾರೆ. ಬಾಗಿಲಿನ ಹತ್ತಿರದ ಜಾಗವನ್ನು ಮಗುವಿಗೇ ಬಿಡುತ್ತಾರೆ. ಚಿಲಕ ಹಾಕುವುದಿಲ್ಲ, ದೀಪ ಆರಿಸುವುದಿಲ್ಲ.

ಮೊದಲ ಕೆಲವು ನಿಮಿಷ ‘ವಾರ್ಮ್ ಅಪ್’, ಅಂದರೆ ಮೈ ಸಡಿಲಿಸುವ ಆಟ. ಚೆಂಡು ಎಸೆಯುತ್ತ ಹೆಸರು ಹೇಳುವುದು, ಮಳೆಯಲ್ಲಿ ನಡೆದಂತೆ ನಡೆಯುವುದು, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕನ್ನಡಿಯಂತೆ ಮಾಡುವುದು. ಇವೆಲ್ಲ ಹುಡುಗಾಟದ ಹಾಗೆ ಕಾಣುತ್ತವೆ. ಆದರೆ ಸದಾ ಎಚ್ಚರದಲ್ಲಿ ಬಿಗಿದುಕೊಂಡಿದ್ದ ಮೈಗೆ ‘ಇಲ್ಲಿ ಅಪಾಯವಿಲ್ಲ’ ಎಂದು ತಿಳಿಸುವ ದಾರಿ ಅದು. ‘ಆಟ ಬೇಡ’ ಎನ್ನುವುದನ್ನೂ ಇಲ್ಲೇ ಕಲಿಸುತ್ತಾರೆ. ಬೇಡ ಅಂದರೆ ನಿಜವಾಗಿಯೂ ನಿಲ್ಲುತ್ತದೆ ಎಂಬುದನ್ನು ಮಗು ಕಣ್ಣಾರೆ ನೋಡಬೇಕು.

ನಂತರ ಮುಖ್ಯ ಕೆಲಸ. ಇದು ಮಗುವಿನಿಂದ ಮಗುವಿಗೆ ಬೇರೆ. ಪುಟ್ಟವರಿಗೆ ಗೊಂಬೆ, ಮರಳು, ಬಟ್ಟೆಯ ಗುಡಾರ. ಹದಿಹರೆಯದವರು ಗೊಂಬೆ ಕಂಡರೆ ಮುಖ ತಿರುಗಿಸಬಹುದು. ಅವರಿಗೆ ಮುಖವಾಡ, ಚಿತ್ರದ ಕಾರ್ಡು, ಹಾಡು, ಪುಟ್ಟ ದೃಶ್ಯಗಳು. ಬಹಳ ಕಡೆ ಬಳಕೆಯಲ್ಲಿರುವ ಒಂದು ವಿಧಾನವನ್ನು ಸ್ವಲ್ಪ ವಿವರವಾಗಿ ನೋಡೋಣ. ಅದರ ಹೆಸರು ‘ಸಿಕ್ಸ್ ಪಾರ್ಟ್ ಸ್ಟೋರಿ’, ಆರು ಭಾಗದ ಕಥೆ. ಲೆಬನಾನ್ ಗಡಿಯ ಹತ್ತಿರ, ರಾಕೆಟ್ ದಾಳಿಗಳಡಿ ಬದುಕಿದ ಕಿರ್ಯಾತ್ ಶ್ಮೋನಾ ಎಂಬ ಇಸ್ರೇಲಿ ಪಟ್ಟಣದಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಮೂಲಿ ಲಹಾದ್ ಇದನ್ನು ಒಫ್ರಾ ಅಯಾಲೋನ್ ಜೊತೆ ರೂಪಿಸಿದರು. ಗಡಿಯ ಯಾವ ಬದಿಯ ಮಗುವಿಗಾದರೂ ಇದು ಹೊಂದುತ್ತದೆ.

ಒಂದು ಹಾಳೆಯನ್ನು ಆರು ಮನೆ ಮಾಡಿ ಮಡಿಸುತ್ತಾರೆ. ಮೊದಲ ಮನೆಯಲ್ಲಿ ಒಬ್ಬ ನಾಯಕ ಅಥವಾ ನಾಯಕಿ. ಮನುಷ್ಯನೇ ಆಗಬೇಕಿಲ್ಲ. ಎರಡನೆಯದರಲ್ಲಿ ಅವರು ಮಾಡಬೇಕಾದ ಕೆಲಸ. ಮೂರನೆಯದರಲ್ಲಿ ಯಾರು ಅಥವಾ ಯಾವುದು ನೆರವಾಗುತ್ತದೆ. ನಾಲ್ಕನೆಯದರಲ್ಲಿ ಅಡ್ಡಿ. ಐದನೆಯದರಲ್ಲಿ ಆ ಅಡ್ಡಿಯನ್ನು ಎದುರಿಸಿದ ಬಗೆ. ಆರನೆಯದರಲ್ಲಿ ಆಮೇಲೆ ಏನಾಯಿತು. ಚಿತ್ರ ಚೆನ್ನಾಗಿರಬೇಕಿಲ್ಲ, ಕಡ್ಡಿ ಗೀಚಿದರೂ ಸಾಕು. ಬರೆದಾದಮೇಲೆ ಮಗು ಕಥೆ ಹೇಳುತ್ತದೆ. ಬೇಕಿದ್ದರೆ ಒಂದು ಮನೆಯನ್ನು ಎದ್ದು ನಿಂತು ಆಡಿ ತೋರಿಸುತ್ತದೆ.

ನಮ್ಮ ಹುಡುಗನ ನರಿಗೆ ಒಂದು ದೀಪವನ್ನು ನದಿಯಾಚೆ ಒಯ್ಯುವ ಕೆಲಸ ಎಂದಿಟ್ಟುಕೊಳ್ಳಿ. ಅವನು ಮೂರನೆಯ ಮನೆಯನ್ನು ಖಾಲಿ ಬಿಟ್ಟಿದ್ದಾನೆ. ನೆರವಿಗೆ ಯಾರೂ ಇಲ್ಲ. ಚಿಕಿತ್ಸಕಿ ‘ಈ ನರಿ ನೀನೇ ತಾನೆ?’ ಎಂದು ಕೇಳುವುದಿಲ್ಲ. ಕೇಳಿದರೆ ಕಥೆ ಕೊಟ್ಟ ಮರೆ ಹರಿದುಹೋಗುತ್ತದೆ. ‘ರಾತ್ರಿ ಹೊತ್ತು ನರಿಗೆ ಏನು ಬೇಕಾಗಬಹುದು?’ ಎಂದು ಕೇಳುತ್ತಾಳೆ. ಮೂರು ವಾರ ಕಳೆದು ಹುಡುಗ ಆ ಖಾಲಿ ಮನೆಯಲ್ಲಿ ಒಂದು ಹಕ್ಕಿಯನ್ನು ಬರೆದರೆ, ಅದು ಅವಳಿಗೆ ದೊಡ್ಡ ಸುದ್ದಿ. ಅಡ್ಡಿಯನ್ನು ಮಗು ಹೇಗೆ ಎದುರಿಸುತ್ತದೆ ಎಂಬುದರಿಂದಲೂ ತಿಳಿಯುವುದು ಬಹಳ. ಕೆಲವರು ಪ್ರಾರ್ಥನೆ ಮಾಡುತ್ತಾರೆ, ಕೆಲವರು ಗೆಳೆಯರನ್ನು ಕರೆಯುತ್ತಾರೆ, ಕೆಲವರು ಲೆಕ್ಕ ಹಾಕುತ್ತಾರೆ, ಕೆಲವರು ಓಡುತ್ತಾರೆ. ಲಹಾದ್ ಇಂಥ ಆರು ಬಗೆಗಳನ್ನು ಗುರುತಿಸಿದ್ದಾರೆ: ನಂಬಿಕೆ, ಭಾವನೆ, ಒಡನಾಟ, ಕಲ್ಪನೆ, ತರ್ಕ, ದೇಹ. ಮಗುವಿನಲ್ಲಿ ಆಗಲೇ ಇರುವ ಬಲ ಯಾವುದು ಎಂದು ನೋಡಿ, ಅಲ್ಲಿಂದ ಕೆಲಸ ಶುರು.

ಕೊನೆಯ ಭಾಗವನ್ನು ಎಂದಿಗೂ ಬಿಡುವಂತಿಲ್ಲ. ಇದಕ್ಕೆ ‘ಡಿ-ರೋಲಿಂಗ್’ ಎನ್ನುತ್ತಾರೆ, ಪಾತ್ರ ಕಳಚುವುದು. ಯಕ್ಷಗಾನದ ವೇಷಧಾರಿ ಆಟ ಮುಗಿದಮೇಲೆ ಚೌಕಿಗೆ ಬಂದು ಕಿರೀಟ ಇಳಿಸಿ, ಬಣ್ಣ ತೆಗೆದು, ಆಮೇಲಷ್ಟೇ ಮನೆ ದಾರಿ ಹಿಡಿಯುತ್ತಾನಲ್ಲ, ಇದೂ ಹಾಗೆಯೇ. ಮುಖವಾಡ ಪೆಟ್ಟಿಗೆಗೆ ಹೋಗುತ್ತದೆ. ಮಗು ಮೈ ಕೊಡವಿಕೊಂಡು ತನ್ನ ಹೆಸರು ಹೇಳುತ್ತದೆ, ಇವತ್ತು ಯಾವ ವಾರ, ಮನೆಗೆ ಯಾವ ಬಸ್ಸು, ರಾತ್ರಿ ಊಟಕ್ಕೆ ಏನು ಎಂದು ಹೇಳುತ್ತದೆ. ನರಿಯ ಭಯ ಕೋಣೆಯಲ್ಲೇ ಉಳಿಯಬೇಕು, ಬಸ್ಸು ಹತ್ತಬಾರದು.

ದುಭಾಷಿಗಳು ಬೇಕಾದರೆ ಕೇಳಿ ಪಡೆಯಬಹುದು. ಎರಡು ಎಚ್ಚರಿಕೆ. ಅಣ್ಣನನ್ನೋ ಅಕ್ಕನನ್ನೋ ದುಭಾಷಿಯಾಗಿ ಕೂರಿಸಬೇಡಿ. ಮಗು ಹೇಳದೆ ನುಂಗುವುದು ಹೆಚ್ಚಾಗಿ ಮನೆಯವರಿಗೆ ನೋವಾಗದಿರಲಿ ಎಂದೇ. ಇನ್ನೊಂದು, ಭಾಷೆಯನ್ನು ನಾವೇ ಊಹಿಸಬಾರದು. ಯುಕ್ರೇನಿನ ಒಂದು ಮಗು ಮನೆಯಲ್ಲಿ ರಷ್ಯನ್ ಆಡುತ್ತಿರಬಹುದು, ಇನ್ನೊಂದು ಆ ಭಾಷೆ ಕೇಳಿದರೇ ಬೆದರಬಹುದು. ಮಗುವನ್ನೇ ಕೇಳಿ.

ಫಲ ಕಾಣುತ್ತದೆಯೇ?

ಉತ್ಪ್ರೇಕ್ಷೆ ಮಾಡದೆ ಹೇಳುತ್ತೇನೆ. ಆಘಾತದ ನಂತರದ ಒತ್ತಡದ ಕಾಯಿಲೆಗೆ, ಪಿಟಿಎಸ್‌ಡಿಗೆ, ಇಂಗ್ಲೆಂಡಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಸಂಸ್ಥೆ ನೈಸ್. ಅದರ 2018ರ ಮಾರ್ಗಸೂಚಿ ಮಕ್ಕಳಿಗೆ ಮೊದಲು ಸೂಚಿಸುವುದು ಡ್ರಾಮಾ ಥೆರಪಿಯನ್ನಲ್ಲ. ಆಘಾತಕ್ಕೆಂದೇ ರೂಪಿಸಿದ ಸಿಬಿಟಿಯನ್ನು, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಹಂತಹಂತವಾಗಿ ಬದಲಿಸುವ ಮಾತಿನ ಚಿಕಿತ್ಸೆಯನ್ನು. ಅದಕ್ಕೆ ಹೆಚ್ಚು ಸಂಶೋಧನೆಯ ಬಲವಿದೆ. ಡ್ರಾಮಾ ಥೆರಪಿಯ ಅಧ್ಯಯನಗಳು ಕಡಿಮೆ, ಹೆಚ್ಚಿನವು ಚಿಕ್ಕವು. ಕೆನಡಾದ ಮಾಂಟ್ರಿಯಲ್‌ನಲ್ಲಿ ಸೆಸಿಲ್ ರೂಸೋ ಅವರ ತಂಡ ವಲಸೆ ಮತ್ತು ನಿರಾಶ್ರಿತ ಹದಿಹರೆಯದವರಿಗೆ ಶಾಲೆಯಲ್ಲೇ ನಾಟಕದ ಕಾರ್ಯಕ್ರಮ ನಡೆಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿತು. ಭಾವನೆಗಳ ತೊಂದರೆಯ ಲಕ್ಷಣಗಳು ಅಷ್ಟಾಗಿ ಇಳಿದಿರಲಿಲ್ಲ. ಆದರೆ ಆ ತೊಂದರೆಗಳು ದಿನನಿತ್ಯದ ಬದುಕಿಗೆ ಕೊಡುತ್ತಿದ್ದ ಅಡಚಣೆ ಕಡಿಮೆಯಾಗಿತ್ತು, ಗಣಿತದ ಅಂಕವೂ ಏರಿತ್ತು. ಮುಂದಿನ ದೊಡ್ಡ ಪ್ರಯೋಗದಲ್ಲಿ ಫಲ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ.

ಹಾಗಾದರೆ ಯಾಕೆ ಬೇಕು? ಮಾತಿನ ಚಿಕಿತ್ಸೆಗೆ ಕೂರಲಾರದ ಮಗುವಿಗೆ ಇದು ಮೊದಲ ಮೆಟ್ಟಿಲಾಗಬಲ್ಲದು. ಎರಡೂ ಒಟ್ಟಿಗೆ ಅಥವಾ ಒಂದಾದ ಮೇಲೊಂದು ನಡೆಯಬಹುದು. ತೀವ್ರವಾದ ಪಿಟಿಎಸ್‌ಡಿ ಇದೆ ಎಂದು ವೈದ್ಯರು ಹೇಳಿದ್ದರೆ ಸಿಬಿಟಿ ಬಿಟ್ಟು ಇದನ್ನು ಮಾತ್ರ ನೆಚ್ಚಬೇಡಿ.

ಇನ್ನೊಂದು ಮಾತನ್ನೂ ಹೇಳಬೇಕು. ಆಶ್ರಯದ ಅರ್ಜಿಯ ತೀರ್ಮಾನ ಬಾರದೆ ತಿಂಗಳುಗಟ್ಟಲೆ ಹೋಟೆಲ್ ಕೋಣೆಯಲ್ಲಿ ಕಾಯುವ ಕುಟುಂಬದ ಮಗುವಿಗೆ ಯುದ್ಧ ಇನ್ನೂ ಮುಗಿದಿಲ್ಲ. ಆ ಕಾಯುವಿಕೆಯನ್ನು ಯಾವ ಥೆರಪಿಯೂ ಇಳಿಸಲಾರದು. ಒಳ್ಳೆಯ ವಕೀಲರನ್ನು ಹುಡುಕಿಕೊಡುವುದು, ಶಾಲೆಯ ಸೀಟು ಕೊಡಿಸುವುದು, ಊರಿನ ಅಜ್ಜಿಗೆ ಫೋನ್ ಮಾಡಲು ಡೇಟಾ ಹಾಕಿಸಿಕೊಡುವುದು, ಇವೂ ಚಿಕಿತ್ಸೆಯ ಭಾಗ ಎಂದೇ ನಾನು ತಿಳಿದಿದ್ದೇನೆ.

ಖರ್ಚು ಎಷ್ಟು, ಎಲ್ಲಿ ಹೋಗಬೇಕು?

ಬಹುತೇಕ ದಾರಿಗಳು ಉಚಿತ. ಮೊದಲ ದಾರಿ ಜಿ.ಪಿ., ಅಂದರೆ ಬಡಾವಣೆಯ ವೈದ್ಯರು. ಅವರಲ್ಲಿ ಹೆಸರು ನೋಂದಾಯಿಸಲು ವಲಸೆ ಕಾಗದವಾಗಲಿ ವಿಳಾಸದ ಪುರಾವೆಯಾಗಲಿ ಕಡ್ಡಾಯವಲ್ಲ. ಸ್ವಾಗತದ ಮೇಜಿನಲ್ಲಿ ಕೇಳಿದರೂ, ಇಲ್ಲ ಎನ್ನುವುದಕ್ಕೆ ಹೆದರಬೇಡಿ. ಜಿ.ಪಿ. ಮಗುವನ್ನು ಕ್ಯಾಮ್ಸ್‌ಗೆ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಾದ ಎನ್‌ಎಚ್‌ಎಸ್‌ನ ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯ ಸೇವೆಗೆ, ಕಳಿಸುತ್ತಾರೆ. ಕೆಲವು ಕ್ಯಾಮ್ಸ್ ತಂಡಗಳಲ್ಲಿ ಡ್ರಾಮಾ ಥೆರಪಿಸ್ಟರು ಇದ್ದಾರೆ, ಎಲ್ಲದರಲ್ಲೂ ಇಲ್ಲ. ಸರದಿ ಉದ್ದ. ಹಾಗಾಗಿ ಕಾಯುತ್ತಲೇ ಇನ್ನೊಂದು ಬಾಗಿಲನ್ನೂ ತಟ್ಟಿ.

ಆ ಬಾಗಿಲು ಶಾಲೆ. ಪ್ರತಿ ಶಾಲೆಯಲ್ಲೂ ‘ಸೆಂಕೋ’ ಎಂಬ ಶಿಕ್ಷಕರಿರುತ್ತಾರೆ, ವಿಶೇಷ ನೆರವು ಬೇಕಾದ ಮಕ್ಕಳ ಹೊಣೆ ಅವರದು. ಡ್ರಾಮಾ ಥೆರಪಿಸ್ಟರನ್ನು ಶಾಲೆಯೇ ಕರೆಸಿ ಸಂಬಳ ಕೊಡುವ ವ್ಯವಸ್ಥೆ ಲಂಡನ್‌ನಲ್ಲಿ ಸಾಕಷ್ಟಿದೆ. 1985ರಲ್ಲಿ ಶುರುವಾಗಿ ಕ್ರೊಯ್ಡನ್‌ನಲ್ಲಿ ನೆಲೆಯೂರಿದ ‘ರೌಂಡ್‌ಅಬೌಟ್’ ಎಂಬ ಸೇವಾಸಂಸ್ಥೆ ಈ ಕೆಲಸಕ್ಕೇ ಮೀಸಲು. ಅದರ ಚಿಕಿತ್ಸಕರು ಲಂಡನ್‌ನ ಶಾಲೆಗಳಿಗೆ, ಸಮುದಾಯ ಕೇಂದ್ರಗಳಿಗೆ ಹೋಗುತ್ತಾರೆ.

ಒಂಟಿಯಾಗಿ ಬಂದ ಮಕ್ಕಳು ಸ್ಥಳೀಯ ಕೌನ್ಸಿಲ್‌ನ ಆರೈಕೆಯಲ್ಲಿರುತ್ತಾರೆ. ಆಶ್ರಯದ ಅರ್ಜಿ ಸಲ್ಲಿಸುವ ಕಚೇರಿ, ಹೋಮ್ ಆಫೀಸ್‌ನ ಲೂನಾರ್ ಹೌಸ್, ಇರುವುದು ಕ್ರೊಯ್ಡನ್‌ನಲ್ಲಿ. ಹಾಗಾಗಿ ಅಲ್ಲಿನ ಕೌನ್ಸಿಲ್ ವರ್ಷಾನುಗಟ್ಟಲೆ ಇಂಥ ಬಹಳ ಮಕ್ಕಳನ್ನು ನೋಡಿಕೊಂಡಿದೆ. ಈ ಮಕ್ಕಳಿಗೆ ಸಮಾಜ ಕಾರ್ಯಕರ್ತರೊಬ್ಬರು ಇರುತ್ತಾರೆ. ಥೆರಪಿ ಕೇಳಬೇಕಾದದ್ದು ಅವರನ್ನೇ. ಚಿತ್ರಹಿಂಸೆ ಅನುಭವಿಸಿದವರಿಗೆ ಫಿನ್ಸ್‌ಬರಿ ಪಾರ್ಕ್‌ನಲ್ಲಿ ‘ಫ್ರೀಡಂ ಫ್ರಮ್ ಟಾರ್ಚರ್’ ಇದೆ. ಹೆಲೆನ್ ಬಾಂಬರ್ 1985ರಲ್ಲಿ ಕಟ್ಟಿದ ಸಂಸ್ಥೆ, ಅಲ್ಲಿ ಚಿಕಿತ್ಸೆ ಉಚಿತ. ಹೆಚ್ಚಾಗಿ ವಕೀಲರು, ವೈದ್ಯರು, ಸಮಾಜ ಕಾರ್ಯಕರ್ತರು ಅಲ್ಲಿಗೆ ಬರೆದು ಕಳಿಸುತ್ತಾರೆ. ಬಾಲ್ಯದಲ್ಲೇ ಒಂಟಿಯಾಗಿ ಬಂದವರಿಗಾಗಿ ಶೀಲಾ ಮೆಲ್ಜಾಕ್ ಕಟ್ಟಿದ ‘ಬಾವೊಬಾಬ್ ಸೆಂಟರ್’ ಇದೆ. ಅಲ್ಲಿ ಮಾತಿನ ಚಿಕಿತ್ಸೆಯ ಜೊತೆಗೆ ಕಲೆ, ಒಟ್ಟಿಗೆ ಕೂಡುವುದು, ಉಣ್ಣುವುದು ಎಲ್ಲ ಸೇರಿದೆ.

ಖಾಸಗಿಯಾಗಿ ಹೋದರೆ ಲಂಡನ್‌ನಲ್ಲಿ ಒಂದು ಸೆಷನ್‌ಗೆ 50 ಪೌಂಡಿಗಿಂತ ಕಡಿಮೆಗೆ ಸಿಗುವುದು ಕಷ್ಟ. ಕಡಿಮೆ ಆದಾಯದವರಿಗೆ ದರ ಇಳಿಸುವವರು ಇದ್ದಾರೆ, ಕೇಳುವುದರಲ್ಲಿ ಸಂಕೋಚ ಬೇಡ.

ಯಾರಿಗೆ ಹಣ ಕೊಟ್ಟರೂ, ಕೊಡದಿದ್ದರೂ, ಒಂದು ಕೆಲಸ ಮಾಡಲೇಬೇಕು. ಬ್ರಿಟನ್‌ನಲ್ಲಿ ‘ಡ್ರಾಮಾ ಥೆರಪಿಸ್ಟ್’ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್‌ನಲ್ಲಿ, ಅಂದರೆ ಎಚ್‌ಸಿಪಿಸಿಯಲ್ಲಿ, ನೋಂದಣಿಯಾಗದವರು ಆ ಹೆಸರು ಹಾಕಿಕೊಂಡರೆ ಅಪರಾಧ. ಆ ಪಟ್ಟಿಯನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಉಚಿತವಾಗಿ ನೋಡಬಹುದು. ನೋಂದಣಿಗೆ ಸ್ನಾತಕೋತ್ತರ ತರಬೇತಿ ಬೇಕು. ಲಂಡನ್‌ನಲ್ಲಿ ರೋಹ್ಯಾಂಪ್ಟನ್ ವಿಶ್ವವಿದ್ಯಾಲಯ, ರಾಯಲ್ ಸೆಂಟ್ರಲ್ ಸ್ಕೂಲ್ ಆಫ್ ಸ್ಪೀಚ್ ಅಂಡ್ ಡ್ರಾಮಾ ಇಂಥ ತರಬೇತಿಗೆ ಹೆಸರಾದವು.

ರಂಗತಂಡಗಳು ಬೇರೆ, ಥೆರಪಿ ಬೇರೆ

ನಾಟಕ ಕಲಿಸುವವರೆಲ್ಲ ಚಿಕಿತ್ಸಕರಲ್ಲ. ಹಾಗೆಂದು ರಂಗತಂಡಗಳನ್ನು ಕಡೆಗಣಿಸಬೇಡಿ. ಲಂಡನ್‌ನ ‘ಫಾಸ್ಫರಸ್ ಥಿಯೇಟರ್’ ಒಂಟಿಯಾಗಿ ಬಂದ ಹುಡುಗರನ್ನೇ ನಟರನ್ನಾಗಿ ಮಾಡಿ 2016ರಲ್ಲಿ ‘ಡಿಯರ್ ಹೋಮ್ ಆಫೀಸ್’ ನಾಟಕ ಆಡಿತು. ಸಿರಿಯಾದ ನಿರಾಶ್ರಿತ ಹೆಂಗಸರು ಗ್ರೀಕ್ ದುರಂತ ನಾಟಕವೊಂದರ ಸುತ್ತ ತಮ್ಮ ಅನುಭವ ಹೆಣೆದ ‘ಕ್ವೀನ್ಸ್ ಆಫ್ ಸಿರಿಯಾ’ 2016ರಲ್ಲಿ ಯಂಗ್ ವಿಕ್ ರಂಗಮಂದಿರಕ್ಕೆ ಬಂತು. 2021ರ ಅಕ್ಟೋಬರ್‌ನಲ್ಲಿ ಮೂರೂವರೆ ಮೀಟರ್ ಎತ್ತರದ ‘ಲಿಟಲ್ ಅಮಾಲ್’ ಎಂಬ ಸಿರಿಯನ್ ಬಾಲೆಯ ಗೊಂಬೆ ಟರ್ಕಿಯಿಂದ ನಡೆದು ಲಂಡನ್ ಬೀದಿಗಿಳಿದಾಗ ಶಾಲೆ ಮಕ್ಕಳು ಸ್ವಾಗತಿಸಿದರು. ಇಂಥ ತಂಡಗಳಲ್ಲಿ ಗೆಳೆತನ ಸಿಗುತ್ತದೆ, ಇಂಗ್ಲಿಷ್ ಬರುತ್ತದೆ, ‘ನಾನು ನಿರಾಶ್ರಿತ ಮಾತ್ರ ಅಲ್ಲ’ ಎಂಬ ಧೈರ್ಯ ಬರುತ್ತದೆ.

ವ್ಯತ್ಯಾಸ ಇಷ್ಟು. ರಂಗಕ್ಕೆ ಪ್ರೇಕ್ಷಕರು ಬೇಕು, ಥೆರಪಿಗೆ ಬೇಡ. ಥೆರಪಿಯಲ್ಲಿ ನಡೆದದ್ದು ಕೋಣೆಯೊಳಗೇ ಉಳಿಯುತ್ತದೆ. ಮಗುವಿಗಾಗಲಿ ಬೇರೆಯವರಿಗಾಗಲಿ ಗಂಭೀರ ಹಾನಿಯ ಅಪಾಯ ಕಂಡಾಗ ಮಾತ್ರ ಚಿಕಿತ್ಸಕರು ಬೇರೆಯವರಿಗೆ ತಿಳಿಸಬೇಕಾಗುತ್ತದೆ, ಅದನ್ನೂ ಮೊದಲೇ ಹೇಳಿರುತ್ತಾರೆ. ಮಗುವಿನ ಕಣ್ಣೀರನ್ನು ದೇಣಿಗೆ ಸಂಗ್ರಹದ ಸಂಜೆಯಲ್ಲಿ ಪ್ರದರ್ಶನಕ್ಕಿಡಲು ಯಾರಾದರೂ ಕೇಳಿದರೆ, ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಒಪ್ಪಬೇಡಿ. ನಮ್ಮ ಸಂಘ-ಸಂಸ್ಥೆಗಳ ಕಾರ್ಯಕ್ರಮಗಳಿಗೂ ಈ ಮಾತು ಅನ್ವಯಿಸುತ್ತದೆ.

ಮನೆಯಲ್ಲಿ ನೀವು ಮಾಡಬಹುದಾದದ್ದು

ಥೆರಪಿ ಮಾಡಲು ಹೋಗಬೇಡಿ. ‘ಅಲ್ಲಿ ಏನಾಯಿತು, ಎಲ್ಲ ಹೇಳಿಬಿಡು, ಮನಸ್ಸು ಹಗುರಾಗುತ್ತದೆ’ ಎಂದು ಒಂದೇ ಸಲಕ್ಕೆ ಬಾಯಿಬಿಡಿಸುವುದು ನೆರವಾಗುವುದಿಲ್ಲ. ನೈಸ್ ಮಾರ್ಗಸೂಚಿಯೂ ಅಂಥ ಕ್ರಮ ಬೇಡ ಎನ್ನುತ್ತದೆ. ಮಗು ತಾನಾಗಿ ಹೇಳಿದರೆ ಕೇಳಿ, ಅಷ್ಟೇ. ಊಟದ ಹೊತ್ತು, ಮಲಗುವ ಹೊತ್ತು ಒಂದೇ ಆಗಿರಲಿ. ಟಿ.ವಿ.ಯಲ್ಲಿ ಯುದ್ಧದ ಸುದ್ದಿ ಸದಾ ಓಡದಿರಲಿ. ಪಟಾಕಿಯ ದಿನಗಳಲ್ಲಿ ಯಾವ ಹೊತ್ತಿಗೆ ಸದ್ದಾಗಬಹುದು ಎಂದು ಮುಂಚಿತವಾಗಿ ತಿಳಿಸಿ, ನೀವೇ ಹಚ್ಚುವವರಾದರೆ ಪಕ್ಕದ ಮನೆಗೊಂದು ಮಾತು ಹೇಳಿ ಬನ್ನಿ. 2023ರ ಏಪ್ರಿಲ್ 23ರಂದು ಸರ್ಕಾರ ತುರ್ತು ಸಂದೇಶದ ಪರೀಕ್ಷೆ ನಡೆಸಿದಾಗ ದೇಶದ ಮೊಬೈಲ್‌ಗಳು ಒಟ್ಟಿಗೆ ಸೈರನ್‌ನಂತೆ ಕೂಗಿಕೊಂಡವು. ಅಂಥ ಪರೀಕ್ಷೆಯ ಸುದ್ದಿ ಬಂದಾಗಲೂ ಮಗುವಿಗೆ ಮೊದಲೇ ಹೇಳಬೇಕು.

ಮಗು ಯುದ್ಧದ ಆಟ ಆಡಿದರೆ ಗಾಬರಿ ಬೇಡ, ಬೈಯಬೇಡಿ. ಆಟದಲ್ಲಿ ಬದಲಾವಣೆ ಇದೆಯೇ ನೋಡಿ. ಇವತ್ತು ಸೈನಿಕ, ನಾಳೆ ಆಂಬುಲೆನ್ಸ್ ಬಂತು, ನಾಡಿದ್ದು ಮನೆ ಕಟ್ಟಿದರು ಎಂದು ಮುಂದುವರಿದರೆ ಆಟ ತನ್ನ ಕೆಲಸ ಮಾಡುತ್ತಿದೆ. ಅದೇ ದೃಶ್ಯ ಅದೇ ರೀತಿ, ನಗುವಿಲ್ಲದೆ, ಕೊನೆಯಿಲ್ಲದೆ ವಾರಗಟ್ಟಲೆ ಮರುಕಳಿಸಿದರೆ ನೆರವು ಕೇಳುವ ಹೊತ್ತು. ನಿದ್ದೆಯಿಲ್ಲದಿರುವುದು, ಹಾಸಿಗೆ ಒದ್ದೆಯಾಗುವುದು, ಕಾರಣವಿಲ್ಲದ ತಲೆನೋವು, ಶಾಲೆಗೆ ಹೋಗಲಾರದಿರುವುದು ಒಂದು ತಿಂಗಳು ದಾಟಿದರೂ ಹಾಗೆಯೇ.

ಕರ್ನಾಟಕದಲ್ಲಿ ಕೂತು ಓದುವವರಿಗೂ ಇದು ದೂರದ ವಿಷಯವಲ್ಲ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ. ನೆಲಮಾಳಿಗೆಗಳಲ್ಲಿ ದಿನ ಕಳೆದ ನಮ್ಮ ಎಷ್ಟೋ ಹುಡುಗ ಹುಡುಗಿಯರು ಭಾರತ ಸರ್ಕಾರದ ‘ಆಪರೇಷನ್ ಗಂಗಾ’ ಕಾರ್ಯಾಚರಣೆಯಲ್ಲಿ ಮರಳಿದರು. ಅಂಥವರಲ್ಲಿ ಇಂದಿಗೂ ನಿದ್ದೆ ಕೆಡುವವರಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಬಹುದು. ಅದು ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವಿದೆ.

ಲಂಡನ್‌ನಲ್ಲಿ ಮಗು ತನಗೆ ತಾನೇ ಹಾನಿ ಮಾಡಿಕೊಳ್ಳುವ ಮಾತಾಡಿದರೆ ಜಿ.ಪಿ. ಸರದಿಗೆ ಕಾಯಬೇಡಿ. ಎನ್‌ಎಚ್‌ಎಸ್ 111ಕ್ಕೆ ಕರೆಮಾಡಿ ಮಾನಸಿಕ ಆರೋಗ್ಯಕ್ಕಾಗಿ 2 ಒತ್ತಿ. ಜೀವಕ್ಕೆ ಅಪಾಯವಿದ್ದರೆ 999. ಮಕ್ಕಳು ತಾವೇ ಮಾತಾಡಬೇಕೆಂದರೆ ಚೈಲ್ಡ್‌ಲೈನ್ 0800 1111 ಇದೆ, ಹಗಲು ರಾತ್ರಿ ತೆರೆದಿರುತ್ತದೆ. ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಮಗುವಿನ ಶಾಲಾ ಚೀಲದಲ್ಲಿ ಇವತ್ತೇ ಇಟ್ಟುಬಿಡಿ.